ಐ.ಸಿ.ಯ ಹೊಟ್ಟೆಯಲ್ಲಿ ಏನಿದೆ?

ಕಾಲೇಜಿನ ವಾರ್ಷಿಕ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ಐ.ಸಿ.ಯ ವಿಷಯವಾಗಿ ಬರೆಯುತ್ತೇನೆಂದು ನಾನು ಹೇಳಿದೆ. ಅವರು ನಕ್ಕು, "ಇದು ಕಲಾ ಕಾಲೇಜು ಮಾರಾಯ. ನಿನ್ನ ಐ.ಸಿ. ಇಲ್ಲಿ ಯಾರಿಗೆ ಬೇಕು? ಊರ ಜಾತ್ರೆಯ ವಿಷಯವನ್ನೋ ಪಂಚಾಯತಿಯ ವಿಷಯವನ್ನೋ ಬರೆ" ಎಂದರು. ಅವರ ಮಾತಿನಲ್ಲಿ ತಪ್ಪೇನೂ ಇಲ್ಲ. ನಾನು ಓದುತ್ತಿರುವುದು ಇತಿಹಾಸವನ್ನು. ಎಲೆಕ್ಟ್ರಾನಿಕ್ಸ್ ನನ್ನ ಪಾಠಪಟ್ಟಿಯಲ್ಲಿ ಇಲ್ಲ. ಆದರೂ ನಮ್ಮ ಅಧ್ಯಾಪಕರಿಂದ ಹಿಡಿದು ಗೇಟಿನ ಕಾವಲುಗಾರರವರೆಗೆ ಎಲ್ಲರ ಜೇಬಿನಲ್ಲಿಯೂ ಇಂದು ಐ.ಸಿ.ಗಳ ಒಂದು ಗುಂಪೇ ಇದೆ. ದಿನವೂ ಹೊತ್ತು ತಿರುಗುವ ವಸ್ತುವಿನ ಹೊಟ್ಟೆಯಲ್ಲಿ ಏನಿದೆಯೆಂದು ಒಮ್ಮೆಯಾದರೂ ವಿಚಾರಿಸುವುದು ಕಲಾ ವಿದ್ಯಾರ್ಥಿಗೂ ಸಲ್ಲುವ ಕೆಲಸವೆಂದು ನಾನು ತಿಳಿದಿದ್ದೇನೆ.

ನಾನು ಹೇಳಬೇಕಾಗಿರುವ ಅಭಿಪ್ರಾಯ ಒಂದೇ. ಎಲೆಕ್ಟ್ರಾನಿಕ್ಸ್ ಕಲಿಯಲು ತೊಡಗುವವನ ಕೈಗೆ ಐ.ಸಿ.ಯನ್ನು ಮುಚ್ಚಿದ ಪೆಟ್ಟಿಗೆಯಾಗಿ ಕೊಡಬಾರದು. ಒಂದೇ ಒಂದು ಚಿಕ್ಕ ಐ.ಸಿ.ಯ ಒಳಗನ್ನಾದರೂ ಅವನಿಗೆ ಪೂರ್ತಿಯಾಗಿ ವಿವರಿಸಿ, ಆಮೇಲೆ ಉಳಿದುದನ್ನು ಕೊಡಬೇಕು. ಈ ಅಭಿಪ್ರಾಯ ನನಗೆ ಪುಸ್ತಕದಿಂದ ಬಂದದ್ದಲ್ಲ, ನಮ್ಮ ಮನೆಯಿಂದ ಬಂದದ್ದು.

ನಮ್ಮ ತಾತ ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಹತ್ತಿರ ಒಂದು ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದರು. ವಾಲ್ವು ಸೆಟ್ಟುಗಳ ಕಾಲದಲ್ಲಿ ಕೆಲಸ ಕಲಿತು, ಟ್ರಾನ್ಸಿಸ್ಟರ್ ಸೆಟ್ಟುಗಳ ಕಾಲದಲ್ಲಿ ಹೆಸರು ಮಾಡಿದವರು. ಸುತ್ತಲ ಹತ್ತಾರು ಹಳ್ಳಿಗಳಿಂದ ಸೆಟ್ಟುಗಳು ಬರುತ್ತಿದ್ದುವಂತೆ. ಅನಂತರ ೧೯೮೦ರ ದಶಕದಲ್ಲಿ ಟೇಪ್ ರೆಕಾರ್ಡರುಗಳೂ ಟೆಲಿವಿಷನ್ನುಗಳೂ ಊರಿಗೆ ಬಂದುವು. ಅವುಗಳ ಬೋರ್ಡಿನ ಮೇಲೆ ತಾತನಿಗೆ ಗುರುತಿಲ್ಲದ ಕರಿಯ ತುಂಡುಗಳು ಕುಳಿತಿದ್ದುವು. ಒಮ್ಮೆ ಪಟ್ಟಣಕ್ಕೆ ಬಿಡಿಭಾಗ ತರಲು ಹೋದಾಗ, ಇದರೊಳಗೆ ಏನಿದೆಯೆಂದು ಅಂಗಡಿಯವನನ್ನು ಅವರು ಕೇಳಿದರಂತೆ. "ಅದೆಲ್ಲ ನಿಮಗೇಕೆ ಯಜಮಾನರೆ? ಹೋದರೆ ತೆಗೆದು ಬೇರೆ ಹಾಕಿ" ಎಂಬ ಉತ್ತರ ಬಂತು. ತಾತ ಹಾಗೆಯೇ ಮಾಡಿದರು. ಆದರೆ ಬೇರೆ ಹಾಕಿದ ಮೇಲೂ ಎಷ್ಟೋ ಸೆಟ್ಟುಗಳು ಮೂಕವಾಗಿಯೇ ಉಳಿಯುತ್ತಿದ್ದುವು, ದೋಷ ಐ.ಸಿ.ಯಲ್ಲಿ ಇರದೆ ಅದರ ಪಕ್ಕದ ಒಣಗಿದ ಕಂಡೆನ್ಸರಿನಲ್ಲಿ ಇರುತ್ತಿತ್ತು. ಯಾವ ಕಾಲಿನಲ್ಲಿ ಏನು ಇರಬೇಕು, ಏತಕ್ಕೆ ಇರಬೇಕು ಎಂಬುದು ತಿಳಿಯದವನಿಗೆ ಒಳಗಿನ ದೋಷ ಯಾವುದು, ಹೊರಗಿನ ದೋಷ ಯಾವುದು ಎಂದು ಗೊತ್ತಾಗುವ ಬಗೆ ಹೇಗೆ? ಗಿರಾಕಿಯ ಹಣವೂ ಹೋಯಿತು, ತಾತನ ಹೆಸರೂ ಹೋಯಿತು. ಕೊನೆಗೆ ಅಂಗಡಿ ಮುಚ್ಚಿದರು. "ವ್ಯಾಪಾರ ಇಳಿಯಿತು ಅಂತ ಮುಚ್ಚಲಿಲ್ಲ ಕಣಪ್ಪ. ಮೂವತ್ತು ವರ್ಷ ಕೈಯಾಡಿಸಿದ ಕೆಲಸದಲ್ಲಿ ನಾನೇ ಕುರುಡ ಆದೆನಲ್ಲ ಅಂತ ಮುಚ್ಚಿದೆ" ಎಂದು ಅವರು ಒಮ್ಮೆ ನನ್ನೊಡನೆ ಹೇಳಿದ್ದುಂಟು.

ಹೋದ ವರ್ಷ ನನ್ನ ನೆರೆಮನೆಯ ಗೆಳೆಯನೊಬ್ಬ ಐ.ಟಿ.ಐ.ಯಲ್ಲಿ ಎಲೆಕ್ಟ್ರಾನಿಕ್ಸಿಗೆ ಸೇರಿದ. ಒಂದು ಸಂಜೆ ನಮ್ಮ ಜಗುಲಿಯ ಮೇಲೆ ಕುಳಿತು ೫೫೫ ಎಂಬ ಐ.ಸಿ.ಯ ಪಾಠವನ್ನು ಗಟ್ಟಿಮಾಡುತ್ತಿದ್ದ. "ಒಂದನೆಯ ಕಾಲು ಗ್ರೌಂಡ್, ಎರಡನೆಯದು ಟ್ರಿಗರ್, ಮೂರನೆಯದು ಔಟ್‌ಪುಟ್" ಎಂದು ಮಗ್ಗಿಯಂತೆ ಎಂಟು ಕಾಲುಗಳನ್ನೂ ಒಪ್ಪಿಸಿದ. ಕಟ್ಟೆಯ ಮೇಲಿದ್ದ ತಾತ ಮೆಲ್ಲಗೆ, "ಅಲ್ಲಪ್ಪ, ಆ ಕಾಲುಗಳು ಒಳಗೆ ಎಲ್ಲಿಗೆ ಹೋಗುತ್ತವೆ?" ಎಂದು ಕೇಳಿದರು. ಅವನು ತಲೆ ಕೆರೆದುಕೊಂಡು, "ಅದು ಪರೀಕ್ಷೆಗೆ ಬರೋದಿಲ್ಲ ತಾತ" ಎಂದ. ನಲವತ್ತು ವರ್ಷ ಕಳೆದರೂ ಅದೇ ಪ್ರಶ್ನೆಗೆ ಅದೇ ಉತ್ತರ! ಆ ದಿನವೇ ನಾನು ಈ ವಿಷಯವನ್ನು ಓದತೊಡಗಿದೆ. ಓದಿ ತಿಳಿದುದನ್ನು ಅವರಿಬ್ಬರಿಗೂ ಹೇಳಿದ ಕ್ರಮದಲ್ಲಿಯೇ ಇಲ್ಲಿ ಹೇಳುತ್ತೇನೆ.

ಮೊದಲು ಕಣ್ಣಿಗೆ ಕಾಣಬೇಕು. ಗುಜರಿ ಅಂಗಡಿಯಲ್ಲಿ ಹಳೆಯ ಕಂಪ್ಯೂಟರ್ ಬೋರ್ಡುಗಳನ್ನು ಹುಡುಕಿದರೆ, ಬೆನ್ನಿನ ಮೇಲೆ ದುಂಡನೆಯ ಗಾಜಿನ ಕಿಟಕಿ ಇರುವ ಒಂದು ಬಗೆಯ ಐ.ಸಿ. ಸಿಗುತ್ತದೆ. ಇದಕ್ಕೆ ಇಪ್ರಾಮ್ ಎಂದು ಹೆಸರು. ಅದರಲ್ಲಿ ಬರೆದಿಟ್ಟುದನ್ನು ನೇರಿಳಾತೀತ ಕಿರಣಗಳಿಂದ ಅಳಿಸುವುದಕ್ಕಾಗಿ ಆ ಕಿಟಕಿ. ಮೇಲೆ ಅಂಟಿಸಿರುವ ಕಾಗದವನ್ನು ಕಿತ್ತು ಭೂತಗನ್ನಡಿ ಹಿಡಿದರೆ, ಒಡೆಯದೆ ಕೊಯ್ಯದೆ ಐ.ಸಿ.ಯ ಒಳಗು ಕಾಣುತ್ತದೆ. ನಡುವೆ ಕನ್ನಡಿಯ ಚೂರಿನಂತೆ ಹೊಳೆಯುವ ಒಂದು ಚಿಕ್ಕ ಚೌಕ. ಅದರ ಅಂಚಿನಿಂದ ಸುತ್ತಲೂ ಹೊರಟ, ಕೂದಲಿಗಿಂತ ತೆಳುವಾದ ಲೋಹದ ತಂತಿಗಳು. ಒಂದೊಂದು ತಂತಿಯೂ ಹೊರಗಿನ ಒಂದೊಂದು ಕಾಲಿಗೆ ಸೇರಿದೆ. ತಾತನ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿಯೇ ಸಿಕ್ಕಿತು. ಐ.ಸಿ. ಎಂದು ನಾವು ಕೈಯಲ್ಲಿ ಹಿಡಿಯುವ ಕರಿಯ ತುಂಡಿನಲ್ಲಿ ಬಹುಪಾಲು ಬರಿಯ ಹೊದಿಕೆ. ನಿಜವಾದ ಐ.ಸಿ. ನಡುವಿನ ಆ ಚೂರು ಮಾತ್ರ. ೫೫೫ರಲ್ಲಿ ಆ ಚೂರಿನ ಅಗಲ ಒಂದು ರಾಗಿ ಕಾಳಿನ ಆಸುಪಾಸಿನಲ್ಲಿದೆ.

ಆ ಚೂರು ಸಿಲಿಕಾನ್. ಮರಳಿನಲ್ಲಿ ಆಮ್ಲಜನಕದೊಡನೆ ಕೂಡಿಕೊಂಡಿರುವ ಮೂಲವಸ್ತು ಇದೇ. ಇದನ್ನು ಬೇರ್ಪಡಿಸಿ, ಅತ್ಯಂತ ಶುದ್ಧಮಾಡಿ, ದೊಡ್ಡ ಹರಳಾಗಿ ಬೆಳೆಸಿ, ಹಪ್ಪಳದಂತೆ ತೆಳುವಾದ ಬಿಲ್ಲೆಗಳಾಗಿ ಕೊಯ್ಯುತ್ತಾರೆ. ಶುದ್ಧ ಸಿಲಿಕಾನ್ ವಿದ್ಯುತ್ತನ್ನು ಚೆನ್ನಾಗಿ ಹರಿಯಗೊಡುವುದಿಲ್ಲ. ಆದರೆ ಹತ್ತು ಲಕ್ಷ ಸಿಲಿಕಾನ್ ಪರಮಾಣುಗಳ ನಡುವೆ ಒಂದೆರಡು ರಂಜಕದ ಪರಮಾಣುಗಳನ್ನು ಬೆರೆಸಿದರೆ ಸಾಕು, ಅದರ ಸ್ವಭಾವವೇ ಬದಲಾಗುತ್ತದೆ. ರಂಜಕದ ಹೊರಕವಚದಲ್ಲಿ ಐದು ಇಲೆಕ್ಟ್ರಾನುಗಳಿವೆ, ಸಿಲಿಕಾನಿನಲ್ಲಿ ನಾಲ್ಕು. ಹೆಚ್ಚಾದ ಒಂದು ಇಲೆಕ್ಟ್ರಾನು ಸಡಿಲವಾಗಿ ಓಡಾಡುತ್ತದೆ. ಇಂಥ ಭಾಗಕ್ಕೆ 'ಎನ್' ಬಗೆಯೆಂದು ಹೆಸರು. ಬೋರಾನಿನಲ್ಲಿ ಇರುವುದು ಮೂರೇ. ಅದನ್ನು ಬೆರೆಸಿದಲ್ಲಿ ಒಂದು ಇಲೆಕ್ಟ್ರಾನಿನ ಜಾಗ ಖಾಲಿ ಉಳಿಯುತ್ತದೆ. ಆ ಖಾಲಿ ಜಾಗವೇ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುತ್ತದೆ. ಇದು 'ಪಿ' ಬಗೆ. ಒಂದು ಎನ್, ನಡುವೆ ತೆಳುವಾದ ಒಂದು ಪಿ, ಮತ್ತೆ ಒಂದು ಎನ್, ಹೀಗೆ ಒತ್ತಾಗಿ ಇಟ್ಟರೆ ಅದೇ ಟ್ರಾನ್ಸಿಸ್ಟರು. ಕೆರೆಯ ತೂಬನ್ನು ಒಬ್ಬ ನೀರುಗಂಟಿ ಒಂದು ಕೈಯಿಂದ ಎತ್ತಿ ಇಳಿಸಿ ಇಡೀ ಕಾಲುವೆಯ ನೀರನ್ನು ಆಳುವಂತೆ, ನಡುವಿನ ಭಾಗಕ್ಕೆ ಕೊಡುವ ಅಲ್ಪ ವಿದ್ಯುತ್ತು ಎರಡು ಕೊನೆಗಳ ನಡುವೆ ಹರಿಯುವ ಹೆಚ್ಚಿನ ವಿದ್ಯುತ್ತನ್ನು ಆಳುತ್ತದೆ. ತಾತನಿಗೆ ಇದನ್ನು ನಾನು ಹೇಳಬೇಕಾಗಿರಲಿಲ್ಲ. ಅವರು ಸಾವಿರಾರು ಟ್ರಾನ್ಸಿಸ್ಟರುಗಳನ್ನು ಬೋರ್ಡಿಗೆ ಸೀಸ ಹಾಕಿ ಕೂರಿಸಿದವರು.

ಹಾಗಾದರೆ ಐ.ಸಿ.ಯಲ್ಲಿ ಹೊಸತೇನು? ೧೯೫೮ರವರೆಗೆ ಟ್ರಾನ್ಸಿಸ್ಟರು, ರೆಸಿಸ್ಟರು, ಕಂಡೆನ್ಸರುಗಳನ್ನು ಬೇರೆಬೇರೆಯಾಗಿ ಮಾಡಿ, ಅನಂತರ ತಂತಿಯಿಂದ ಜೋಡಿಸುತ್ತಿದ್ದರು. ಮಂಡಲ ದೊಡ್ಡದಾದಷ್ಟೂ ಬೆಸುಗೆಗಳು ಹೆಚ್ಚಿ, ಒಂದಲ್ಲ ಒಂದು ಕಡೆ ಬಿಟ್ಟುಕೊಳ್ಳುತ್ತಿತ್ತು. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪೆನಿಯಲ್ಲಿ ಹೊಸದಾಗಿ ಸೇರಿದ್ದ ಜ್ಯಾಕ್ ಕಿಲ್ಬಿ ಎಂಬ ಇಂಜಿನಿಯರು, ಎಲ್ಲ ಭಾಗಗಳನ್ನೂ ಒಂದೇ ತುಂಡಿನಲ್ಲಿ ಏಕೆ ಮಾಡಬಾರದೆಂದು ಯೋಚಿಸಿ, ೧೯೫೮ರ ಸೆಪ್ಟೆಂಬರ್ ೧೨ರಂದು ಜರ್ಮೇನಿಯಮ್ಮಿನ ಒಂದು ಚಿಕ್ಕ ಪಟ್ಟಿಯಲ್ಲಿ ಅಂಥ ಮಂಡಲವೊಂದನ್ನು ನಡೆಸಿ ತೋರಿಸಿದರು. ಆದರೆ ಅವರ ಮಂಡಲದಲ್ಲಿ ಭಾಗಗಳನ್ನು ಕೂಡಿಸಲು ಮೇಲೆ ತಂತಿಗಳನ್ನು ಕೈಯಿಂದಲೇ ಹಾಯಿಸಬೇಕಾಗಿತ್ತು. ಮರುವರ್ಷ ಫೇರ್‌ಚೈಲ್ಡ್ ಕಂಪೆನಿಯ ರಾಬರ್ಟ್ ನಾಯ್ಸ್ ಅದಕ್ಕೊಂದು ದಾರಿ ಕಂಡರು. ಸಿಲಿಕಾನಿನ ಮೇಲೆ ಗಾಜಿನಂಥ ಆಕ್ಸೈಡ್ ಪದರವನ್ನು ಬೆಳೆಸಿ, ಅದರ ಅಡಿಯಲ್ಲಿ ಟ್ರಾನ್ಸಿಸ್ಟರನ್ನು ರಚಿಸುವ ವಿಧಾನವನ್ನು ಅವರ ಜೊತೆಗಾರ ಜೀನ್ ಹೋರ್ನಿ ರೂಪಿಸಿದ್ದರು. ಆ ಪದರದ ಮೇಲೆ ಅಲ್ಯೂಮಿನಿಯಮ್ಮಿನ ಗೆರೆಗಳನ್ನು ಅಚ್ಚುಹಾಕಿದರೆ ತಂತಿಯ ಕೆಲಸವೂ ಅಲ್ಲಿಯೇ ಮುಗಿಯಿತೆಂದು ನಾಯ್ಸ್ ಕಂಡುಕೊಂಡರು. ಕಿಲ್ಬಿಯವರಿಗೆ ೨೦೦೦ದಲ್ಲಿ ಭೌತವಿಜ್ಞಾನದ ನೊಬೆಲ್ ಬಹುಮಾನದಲ್ಲಿ ಪಾಲು ದೊರೆಯಿತು. ನಾಯ್ಸ್ ೧೯೯೦ರಲ್ಲಿಯೇ ತೀರಿಕೊಂಡಿದ್ದರು.

ಅಚ್ಚುಹಾಕುವುದೆಂಬ ಮಾತನ್ನು ನಾನು ಬೇಕೆಂದೇ ಬಳಸಿದ್ದೇನೆ. ಸೀರೆಗೆ ಬಣ್ಣದ ಅಚ್ಚು ಹಾಕುವವರು ಒಂದೊಂದು ಬಣ್ಣಕ್ಕೂ ಒಂದೊಂದು ಚೌಕಟ್ಟು ಇಟ್ಟುಕೊಂಡು, ಒಂದರ ಮೇಲೊಂದು ಕೂರುವಂತೆ ಒತ್ತುತ್ತಾರಲ್ಲವೆ? ಐ.ಸಿ.ಯ ತಯಾರಿಕೆಯೂ ಅದೇ ಧಾಟಿಯದು. ಬಿಲ್ಲೆಯ ಮೇಲೆ ಬೆಳಕಿಗೆ ಗುಣ ಬದಲಿಸುವ ಲೇಪವನ್ನು ಹಚ್ಚಿ, ನಕ್ಷೆಯಿರುವ ಫಲಕದ ಮೂಲಕ ನೇರಿಳಾತೀತ ಬೆಳಕನ್ನು ಬಿಡುತ್ತಾರೆ. ಬೆಳಕು ಬಿದ್ದ ಕಡೆಗೂ ಬೀಳದ ಕಡೆಗೂ ವ್ಯತ್ಯಾಸವುಂಟಾಗುತ್ತದೆ. ಬೇಡವಾದ ಲೇಪವನ್ನು ತೊಳೆದು, ತೆರೆದ ಕಡೆಯಲ್ಲಿ ಆಕ್ಸೈಡನ್ನು ಕರಗಿಸಿ, ಅಲ್ಲಿ ರಂಜಕವನ್ನೋ ಬೋರಾನನ್ನೋ ಸೇರಿಸುತ್ತಾರೆ. ಮತ್ತೆ ಲೇಪ, ಮತ್ತೆ ಇನ್ನೊಂದು ಫಲಕ. ಹೀಗೆ ಒಂದರ ಮೇಲೊಂದು ಅಚ್ಚು ಕೂರುತ್ತ ಹೋಗಿ, ಕೊನೆಗೆ ಅಲ್ಯೂಮಿನಿಯಮ್ಮಿನ ಗೆರೆಗಳು ಬೀಳುತ್ತವೆ. ಒಂದು ಬಿಲ್ಲೆಯ ಮೇಲೆ ನೂರಾರು ಸಾವಿರಾರು ಐ.ಸಿ.ಗಳು ಒಟ್ಟಿಗೇ ಸಿದ್ಧವಾಗುತ್ತವೆ. ಅಗ್ಗಕ್ಕೆ ಸಿಗುವುದರ ಗುಟ್ಟು ಇಷ್ಟೆ.

ಇಲ್ಲಿ ಹೊಸಬರು ಗಮನಿಸಬೇಕಾದ ಸಂಗತಿಯೊಂದಿದೆ. ತಾತನ ಅಂಗಡಿಯ ಲೆಕ್ಕದಲ್ಲಿ ರೆಸಿಸ್ಟರು ಕಾಸಿನ ವಸ್ತು, ಟ್ರಾನ್ಸಿಸ್ಟರು ಬೆಲೆಯ ವಸ್ತು. ಐ.ಸಿ.ಯ ಒಳಗೆ ಈ ಲೆಕ್ಕ ತಲೆಕೆಳಗು. ಅಲ್ಲಿ ಬೆಲೆ ಕಟ್ಟುವುದು ಜಾಗಕ್ಕೆ. ರೆಸಿಸ್ಟರೆಂದರೆ ಸಿಲಿಕಾನಿನಲ್ಲಿ ಎಳೆದ ಒಂದು ಉದ್ದನೆಯ ಓಣಿ. ಅದು ಟ್ರಾನ್ಸಿಸ್ಟರಿಗಿಂತ ಹೆಚ್ಚು ಜಾಗ ಹಿಡಿಯುತ್ತದೆ. ಕಂಡೆನ್ಸರಿಗೆ ಬೇಕಾಗುವ ಜಾಗವಂತೂ ಇನ್ನೂ ಹೆಚ್ಚು. ಆದ್ದರಿಂದಲೇ ದೊಡ್ಡ ಕಂಡೆನ್ಸರುಗಳನ್ನು ಐ.ಸಿ.ಯ ಹೊರಗೆ ನಾವೇ ಜೋಡಿಸಿಕೊಳ್ಳಬೇಕು. ಇನ್ನೊಂದು ತೊಡಕೂ ಉಂಟು. ಒಳಗಿನ ರೆಸಿಸ್ಟರಿನ ಅಳತೆ ನೂರಕ್ಕೆ ಇಪ್ಪತ್ತು ಮೂವತ್ತರಷ್ಟು ಹೆಚ್ಚುಕಡಿಮೆಯಾಗಬಹುದು. ಆದರೆ ಒಂದೇ ಅಚ್ಚಿನಲ್ಲಿ ಅಕ್ಕಪಕ್ಕ ಹುಟ್ಟಿದ ಎರಡು ರೆಸಿಸ್ಟರುಗಳು ಅವಳಿಗಳಂತೆ ಒಂದನ್ನೊಂದು ಹೋಲುತ್ತವೆ. ಹೆಚ್ಚಾದರೆ ಎರಡೂ ಹೆಚ್ಚು, ಕಡಿಮೆಯಾದರೆ ಎರಡೂ ಕಡಿಮೆ. ಆದಕಾರಣ ಜಾಣ ರಚನೆಗಾರನು ರೆಸಿಸ್ಟರಿನ ಅಳತೆಯನ್ನು ನಂಬದೆ, ಎರಡರ ನಡುವಣ ಪ್ರಮಾಣವನ್ನು ಮಾತ್ರ ನಂಬುತ್ತಾನೆ. ಇದನ್ನು ನೆನಪಿನಲ್ಲಿಟ್ಟುಕೊಂಡರೆ ೫೫೫ ತಾನಾಗಿ ಬಿಚ್ಚಿಕೊಳ್ಳುತ್ತದೆ.

೫೫೫ ಹೊತ್ತನ್ನು ಅಳೆಯುವ ಐ.ಸಿ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಹ್ಯಾನ್ಸ್ ಕ್ಯಾಮೆನ್ಜಿಂಡ್ ಎಂಬವರು ಸಿಗ್ನೆಟಿಕ್ಸ್ ಕಂಪೆನಿಗಾಗಿ ೧೯೭೧ರಲ್ಲಿ ಇದನ್ನು ರಚಿಸಿದರು. ೧೯೭೨ರಲ್ಲಿ ಮಾರಾಟಕ್ಕೆ ಬಂತು. ಇಂದಿಗೂ ತಯಾರಾಗುತ್ತಿದೆ. ತಯಾರಕರಿಂದ ತಯಾರಕರಿಗೆ ಸ್ವಲ್ಪ ವ್ಯತ್ಯಾಸವಿದ್ದರೂ, ಅದರೊಳಗೆ ಇರುವುದು ಸುಮಾರು ೨೫ ಟ್ರಾನ್ಸಿಸ್ಟರುಗಳು, ಹದಿನೈದರಷ್ಟು ರೆಸಿಸ್ಟರುಗಳು, ಎರಡು ಡಯೋಡುಗಳು. ತಾತ ಇದನ್ನು ಕೇಳಿ, "ಅಷ್ಟೇನಾ? ಇದಕ್ಕಿಂತ ದೊಡ್ಡ ಆಂಪ್ಲಿಫೈಯರನ್ನು ನಾನು ಕೈಯಲ್ಲಿ ಕಟ್ಟಿದ್ದೆ" ಎಂದರು.

ನಮ್ಮ ಹಿರಿಯರ ಗಳಿಗೆಬಟ್ಟಲನ್ನು ಹಲವರು ಕೇಳಿ ಬಲ್ಲರು. ತಳದಲ್ಲಿ ಸಣ್ಣ ತೂತಿರುವ ಬಟ್ಟಲನ್ನು ನೀರಿನ ಮೇಲೆ ತೇಲಬಿಟ್ಟರೆ, ಅದು ತುಂಬಿ ಮುಳುಗುವುದಕ್ಕೆ ಒಂದು ಗಳಿಗೆ, ಎಂದರೆ ೨೪ ನಿಮಿಷ, ಹಿಡಿಯುತ್ತಿತ್ತು. ಮುಳುಗಿದ ಕೂಡಲೆ ಕಾದು ಕುಳಿತವನು ಗಂಟೆ ಬಾರಿಸಿ ಬಟ್ಟಲನ್ನು ಮತ್ತೆ ತೇಲಬಿಡುತ್ತಿದ್ದ. ೫೫೫ರ ಕೆಲಸವೂ ಇದೇ. ಬಟ್ಟಲೆಂದರೆ ಹೊರಗೆ ಜೋಡಿಸಿದ ಕಂಡೆನ್ಸರು, ತೂತೆಂದರೆ ಹೊರಗಿನ ರೆಸಿಸ್ಟರು, ನೀರೆಂದರೆ ವಿದ್ಯುತ್ತು. ಕಾದು ಕುಳಿತವನು ಮಾತ್ರ ಐ.ಸಿ.ಯ ಒಳಗೆ ಇದ್ದಾನೆ.

ಅವನ ಅಂಗಾಂಗಗಳು ಐದು. ಮೊದಲನೆಯದು, ಬ್ಯಾಟರಿಯ ಎರಡು ಕೊನೆಗಳ ನಡುವೆ ಏಣಿಯಂತೆ ನಿಂತ ಮೂರು ಸಮ ರೆಸಿಸ್ಟರುಗಳು. ಒಂದೊಂದೂ ಸುಮಾರು ೫೦೦೦ ಓಮ್. ಬ್ಯಾಟರಿ ೯ ವೋಲ್ಟ್ ಇದ್ದರೆ ಕೆಳಗಿನ ಮೆಟ್ಟಿಲಿನಲ್ಲಿ ೩ ವೋಲ್ಟ್, ಮೇಲಿನ ಮೆಟ್ಟಿಲಿನಲ್ಲಿ ೬ ವೋಲ್ಟ್. ರೆಸಿಸ್ಟರಿನ ಅಳತೆ ಎಷ್ಟೇ ಹೆಚ್ಚುಕಡಿಮೆಯಾಗಲಿ, ಮೂರೂ ಸಮವಾಗಿರುವ ತನಕ ಮೆಟ್ಟಿಲು ಅಲ್ಲಾಡುವುದಿಲ್ಲ. (ಈ ಮೂರು ಐದುಗಳಿಂದಲೇ ೫೫೫ ಎಂಬ ಹೆಸರು ಬಂತೆಂದು ಹಲವರು ಹೇಳುತ್ತಾರೆ. ಕ್ಯಾಮೆನ್ಜಿಂಡ್ ಅವರೇ ಅದನ್ನು ಅಲ್ಲಗಳೆದು, ಕಂಪೆನಿಯವರು ಸುಮ್ಮನೆ ಆರಿಸಿದ ಅಂಕಿ ಅದು ಎಂದಿದ್ದಾರೆ.) ಎರಡನೆಯದು, ಎರಡು ಕಂಪ್ಯಾರೇಟರುಗಳು, ಇವು ತಕ್ಕಡಿಗಳಿದ್ದಂತೆ. ಒಂದು ತಕ್ಕಡಿ ಕಂಡೆನ್ಸರಿನ ವೋಲ್ಟನ್ನು ಮೇಲಿನ ಮೆಟ್ಟಿಲಿನೊಡನೆ ತೂಗುತ್ತದೆ, ಇನ್ನೊಂದು ಕೆಳಗಿನ ಮೆಟ್ಟಿಲಿನೊಡನೆ. ಮೂರನೆಯದು ಫ್ಲಿಪ್-ಫ್ಲಾಪ್. ಗೋಡೆಯ ಸ್ವಿಚ್ಚನ್ನು ಒತ್ತಿ ಕೈ ತೆಗೆದರೂ ಅದು ಒತ್ತಿದ ಕಡೆಯಲ್ಲಿಯೇ ನಿಲ್ಲುವಂತೆ, ಇದು ಕೊನೆಯ ಅಪ್ಪಣೆಯನ್ನು ನೆನಪಿಟ್ಟುಕೊಳ್ಳುತ್ತದೆ. ನಾಲ್ಕನೆಯದು, ಕಂಡೆನ್ಸರನ್ನು ಬರಿದುಮಾಡುವ ಒಂದು ಟ್ರಾನ್ಸಿಸ್ಟರು. ಐದನೆಯದು, ಹೊರಗಿನ ದೀಪಕ್ಕೋ ಸ್ಪೀಕರಿಗೋ ಶಕ್ತಿ ಕೊಡುವ ಔಟ್‌ಪುಟ್ ಭಾಗ.

ಕೆಲಸ ನಡೆಯುವುದು ಹೀಗೆ. ಕಂಡೆನ್ಸರು ರೆಸಿಸ್ಟರಿನ ಮೂಲಕ ಮೆಲ್ಲಮೆಲ್ಲನೆ ತುಂಬುತ್ತದೆ, ದೀಪ ಉರಿಯುತ್ತಿರುತ್ತದೆ. ೬ ವೋಲ್ಟ್ ಮುಟ್ಟಿದ ಕೂಡಲೆ ಮೇಲಿನ ತಕ್ಕಡಿ ವಾಲಿ ಫ್ಲಿಪ್-ಫ್ಲಾಪನ್ನು ಮಗುಚುತ್ತದೆ. ದೀಪ ಆರುತ್ತದೆ, ಬರಿದುಮಾಡುವ ಟ್ರಾನ್ಸಿಸ್ಟರು ತೆರೆದುಕೊಳ್ಳುತ್ತದೆ. ಕಂಡೆನ್ಸರು ಇಳಿಯುತ್ತ ೩ ವೋಲ್ಟಿಗೆ ಬಂದೊಡನೆ ಕೆಳಗಿನ ತಕ್ಕಡಿ ವಾಲಿ ಫ್ಲಿಪ್-ಫ್ಲಾಪನ್ನು ಮತ್ತೆ ಈ ಕಡೆಗೆ ಮಗುಚುತ್ತದೆ. ದೀಪ ಹತ್ತುತ್ತದೆ, ಟ್ರಾನ್ಸಿಸ್ಟರು ಮುಚ್ಚಿಕೊಳ್ಳುತ್ತದೆ, ಕಂಡೆನ್ಸರು ಮತ್ತೆ ತುಂಬತೊಡಗುತ್ತದೆ. ಗೆಳೆಯ ಬಾಯಿಪಾಠ ಮಾಡಿದ ಕಾಲುಗಳಿಗೆ ಈಗ ಅರ್ಥ ಬಂತು. ಆರನೆಯ ಕಾಲು ಮೇಲಿನ ತಕ್ಕಡಿಗೆ ಹೋಗುತ್ತದೆ, ಎರಡನೆಯದು ಕೆಳಗಿನ ತಕ್ಕಡಿಗೆ, ಏಳನೆಯದು ಬರಿದುಮಾಡುವ ಟ್ರಾನ್ಸಿಸ್ಟರಿಗೆ, ಮೂರನೆಯದು ಔಟ್‌ಪುಟ್ಟಿಗೆ. ಐದನೆಯ ಕಾಲು ಏಣಿಯ ಮೇಲಿನ ಮೆಟ್ಟಿಲಿಗೆ ನೇರವಾಗಿ ಸೇರಿದೆ.

ಈ ಐದನೆಯ ಕಾಲಿನ ಸಂಗತಿ ತಿಳಿದಾಗ ತಾತ ಎದ್ದು ಒಳಗೆ ಹೋಗಿ, ಅಟ್ಟದಿಂದ ತಮ್ಮ ಹಳೆಯ ಮೀಟರನ್ನು ತಂದರು. ಬ್ರೆಡ್ ಬೋರ್ಡಿನ ಮೇಲೆ ೫೫೫ ಕೂರಿಸಿ, ೧೦,೦೦೦ ಮತ್ತು ೬೮,೦೦೦ ಓಮಿನ ಎರಡು ರೆಸಿಸ್ಟರುಗಳನ್ನೂ ೧೦ ಮೈಕ್ರೊಫ್ಯಾರಡ್ ಕಂಡೆನ್ಸರನ್ನೂ ಜೋಡಿಸಿದೆವು. ದೀಪ ಸುಮಾರು ಸೆಕೆಂಡಿಗೊಮ್ಮೆ ಮಿನುಗಿತು. ತಾತ ಮೀಟರಿನ ಕಡ್ಡಿಯನ್ನು ಐದನೆಯ ಕಾಲಿಗೆ ಮುಟ್ಟಿಸಿದರು. ಮುಳ್ಳು ೬ ವೋಲ್ಟಿನ ಹತ್ತಿರ ಹೋಗಿ ನಿಂತಿತು. ಕರಿಯ ಹೊದಿಕೆಯೊಳಗಿನ ಏಣಿ ಅಲ್ಲಿ ಇದೆಯೆಂಬುದಕ್ಕೆ ಅದೇ ಸಾಕ್ಷಿ. ಅನಂತರ ಕಂಡೆನ್ಸರನ್ನು ಹತ್ತರಷ್ಟು ದೊಡ್ಡದು ಹಾಕಿ, ಗೆಳೆಯನ ಡಿಜಿಟಲ್ ಮೀಟರನ್ನು ಆರನೆಯ ಕಾಲಿಗೆ ಹಿಡಿದೆವು. ಅಂಕಿಗಳು ಮೂರರಿಂದ ಮೆಲ್ಲಗೆ ಏರಿ, ಆರನ್ನು ಮುಟ್ಟಿ, ಮತ್ತೆ ಮೂರಕ್ಕೆ ಇಳಿದುವು; ಒಂದು ಸುತ್ತಿಗೆ ಹತ್ತು ಸೆಕೆಂಡಿನಷ್ಟು ಹಿಡಿಯಿತು. ಕೊನೆಗೆ ಬ್ಯಾಟರಿ ತೆಗೆದು ನಾಲ್ಕು ಪೆನ್ಸಿಲ್ ಸೆಲ್ಲುಗಳ ೬ ವೋಲ್ಟ್ ಕೊಟ್ಟೆವು. ಏಣಿಯ ಮೆಟ್ಟಿಲುಗಳು ೨ ಮತ್ತು ೪ಕ್ಕೆ ಇಳಿದುವು, ಆದರೆ ಹೊತ್ತು ಮಾತ್ರ ಬದಲಾಗಲಿಲ್ಲ. ತುಂಬುವ ವೇಗವೂ ಮೆಟ್ಟಿಲಿನ ಎತ್ತರವೂ ಒಂದೇ ಪ್ರಮಾಣದಲ್ಲಿ ಇಳಿದುದರಿಂದ ಹೀಗಾಯಿತು. ತಾತ ಬಹಳ ಹೊತ್ತು ಸುಮ್ಮನಿದ್ದು, "ನಮ್ಮ ಬಳಗದವೇ ಒಳಗೆ ಕೂತಿವೆ. ಆಗಲೇ ಒಬ್ಬರು ಹೇಳಿದ್ದರೆ..." ಎಂದು ಅಲ್ಲಿಗೇ ನಿಲ್ಲಿಸಿದರು. ಆ ಮಾತಿನ ಉಳಿದರ್ಧವನ್ನು ನಾನು ಕೇಳಲಿಲ್ಲ.

ಇಲ್ಲಿ ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕು. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ನನ್ನ ಬಂಧುವೊಬ್ಬನು, "ಅನ್ನ ಮಾಡಲು ಭತ್ತದ ಸಸ್ಯಶಾಸ್ತ್ರ ಬೇಕೇನು? ೨೦೨೦ರಲ್ಲಿ ಬಂದ ಆಪಲ್ ಕಂಪೆನಿಯ ಎಂ-೧ ಎಂಬ ಒಂದು ಐ.ಸಿ.ಯಲ್ಲಿ ೧,೬೦೦ ಕೋಟಿ ಟ್ರಾನ್ಸಿಸ್ಟರುಗಳಿವೆ. ಅದರ ಒಳಗನ್ನು ಯಾರಿಗೆ ವಿವರಿಸುತ್ತೀಯ? ಒಳಗು ಮರೆಯಾಗಿದ್ದರೇನೇ ಮೇಲಿನ ಕೆಲಸ ಸಾಗುವುದು" ಎಂದು ವಾದಿಸಿದ. ಅವನ ವಾದದಲ್ಲಿ ಸತ್ಯವಿದೆ. ೧೯೭೧ರ ಇಂಟೆಲ್ ೪೦೦೪ ಎಂಬ ಐ.ಸಿ.ಯಲ್ಲಿ ಇದ್ದುದು ಸುಮಾರು ೨,೩೦೦ ಟ್ರಾನ್ಸಿಸ್ಟರುಗಳು. ಇಂದಿನವುಗಳ ಲೆಕ್ಕವನ್ನು ಒಬ್ಬ ಮನುಷ್ಯನ ತಲೆ ಹಿಡಿಯಲಾರದು. ರಚನೆ ಮಾಡುವವರೂ ಚಿಕ್ಕ ಭಾಗಗಳನ್ನು ಸೇರಿಸಿ ದೊಡ್ಡ ಭಾಗ ಮಾಡಿ, ಒಳಗನ್ನು ಮರೆತು ಮುಂದೆ ಹೋಗುತ್ತಾರೆ. ಆದರೆ ಮರೆಯುವುದಕ್ಕೂ ಎಂದೂ ತಿಳಿಯದಿರುವುದಕ್ಕೂ ಅಂತರವಿದೆ. ನಮ್ಮ ಇತಿಹಾಸದ ತರಗತಿಯನ್ನೇ ನೋಡಿ. ನಾಡಿನ ಶಾಸನಗಳನ್ನೆಲ್ಲ ಓದಿ ಮುಗಿಸುವ ವಿದ್ಯಾರ್ಥಿ ಯಾರೂ ಇಲ್ಲ. ಆದರೆ ತನ್ನೂರ ಗುಡಿಯ ಮುಂದಿನ ಒಂದು ವೀರಗಲ್ಲಿನ ಅಕ್ಷರಗಳನ್ನು ಬೆರಳಿಟ್ಟು ಓದಿದವನು, ಉಳಿದ ಶಾಸನಗಳ ವಿಷಯ ಪುಸ್ತಕದಲ್ಲಿ ಓದುವಾಗ ಅವು ಎಲ್ಲಿಂದ ಬಂದ ಮಾತುಗಳೆಂದು ಬಲ್ಲ. ಒಂದು ಕಲ್ಲನ್ನೂ ಮುಟ್ಟದವನು ಬರಿಯ ಉರುಹೊಡೆಯುತ್ತಾನೆ. ಎಂ-೧ರಲ್ಲಿಯೂ ಇರುವುದು ಸಿಲಿಕಾನು, ಅಚ್ಚು, ಸ್ವಿಚ್ಚಿನಂತೆ ತೆರೆದು ಮುಚ್ಚುವ ಟ್ರಾನ್ಸಿಸ್ಟರು, ನೆನಪಿಟ್ಟುಕೊಳ್ಳುವ ಫ್ಲಿಪ್-ಫ್ಲಾಪು. ಟ್ರಾನ್ಸಿಸ್ಟರಿನ ಬಗೆ ಬೇರೆ, ಸಂಖ್ಯೆ ಬೇರೆ. ಆದರೂ ೨೫ನ್ನು ಅರಿತವನು ೧,೬೦೦ ಕೋಟಿಯ ಮುಂದೆ ಬೆರಗಾಗಬಹುದೇ ಹೊರತು ಬೆದರಬೇಕಾಗಿಲ್ಲ.

ಒಳಗನ್ನು ಅರಿತಿದ್ದರೆ ತಾತನ ಅಂಗಡಿ ಉಳಿಯುತ್ತಿತ್ತೆಂದು ನಾನು ಹೇಳುವುದಿಲ್ಲ. ಸುಟ್ಟ ಐ.ಸಿ.ಯ ಒಳಗೆ ಯಾರೂ ಬೆಸುಗೆ ಹಾಕಲಾರರು, ಅದನ್ನು ಬದಲಿಸಲೇಬೇಕು. ಹೊಸ ಸೆಟ್ಟುಗಳು ಅಗ್ಗವಾದ ಮೇಲೆ ರಿಪೇರಿಯೂ ಕಡಿಮೆಯಾಯಿತು. ಆದರೆ ಬದಲಿಸಬೇಕೋ ಬೇಡವೋ ಎಂದು ನಿರ್ಧರಿಸುವ ಅಧಿಕಾರ ಅವರಲ್ಲಿ ಉಳಿಯುತ್ತಿತ್ತು. ತಾನು ಕುರುಡನೆಂಬ ಕೊರಗು ಇರುತ್ತಿರಲಿಲ್ಲ. 'ನಿನಗೇಕೆ' ಎಂಬ ಒಂದು ಮಾತು ಒಬ್ಬ ಕಸುಬುದಾರನಿಗೆ ಎಷ್ಟು ನಷ್ಟಮಾಡಬಲ್ಲದೆಂಬುದನ್ನು ನಾನು ಮನೆಯಲ್ಲಿಯೇ ಕಂಡಿದ್ದೇನೆ.

ಈ ವಿಚಾರದಲ್ಲಿ ನಮ್ಮ ನಾಡಿಗೆ ವಿಶೇಷವಾದ ಹೊಣೆಯಿದೆಯೆಂದು ನನ್ನ ಭಾವನೆ. ೧೯೫೪ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಬೆಂಗಳೂರಿನಲ್ಲಿ ವಾಲ್ವುಗಳನ್ನೂ ಟ್ರಾನ್ಸಿಸ್ಟರುಗಳನ್ನೂ ತಯಾರಿಸಿತು. ಕಿಲ್ಬಿ ಕೆಲಸ ಮಾಡಿದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪೆನಿಯೇ ೧೯೮೫ರಲ್ಲಿ ಬೆಂಗಳೂರಿನಲ್ಲಿ ತನ್ನ ಕೇಂದ್ರವನ್ನು ತೆರೆಯಿತು. ಇಂದು ಪ್ರಪಂಚದ ಹಲವು ಐ.ಸಿ.ಗಳ ನಕ್ಷೆಗಳು ನಮ್ಮ ರಾಜಧಾನಿಯಲ್ಲಿ ರಚನೆಯಾಗುತ್ತಿವೆ. ಅಲ್ಲಿಂದ ಕೆಲವು ಗಂಟೆಗಳ ದಾರಿಯಲ್ಲಿರುವ ನಮ್ಮ ಊರಿನ ಹುಡುಗ ಮಾತ್ರ ಎಂಟು ಕಾಲುಗಳನ್ನು ಮಗ್ಗಿಯಂತೆ ಒಪ್ಪಿಸುತ್ತಿದ್ದಾನೆ. ಪಾರಿಭಾಷಿಕ ಪದಗಳಿಲ್ಲದೆ ಕನ್ನಡದಲ್ಲಿ ಇದನ್ನು ಹೇಳಲಾಗದೆಂಬ ಮಾತು ನನಗೆ ಒಪ್ಪಿಗೆಯಿಲ್ಲ. ಟ್ರಾನ್ಸಿಸ್ಟರು, ಕಂಡೆನ್ಸರು ಎಂಬ ಪದಗಳು ತಾತನ ಬಾಯಲ್ಲಿ ಎಂದೋ ಕನ್ನಡವಾಗಿವೆ. ಉಳಿದುದಕ್ಕೆ ಏಣಿ, ತಕ್ಕಡಿ, ತೂಬುಗಳೇ ಸಾಕಾದುವು.

ಆದ್ದರಿಂದ ನನ್ನದೊಂದು ಸಲಹೆ. ನಮ್ಮ ಕಾಲೇಜಿನಲ್ಲಿ ತಿಂಗಳಿಗೊಂದು ಸಂಜೆ, ಯಾವ ವಿಭಾಗದ ವಿದ್ಯಾರ್ಥಿಯಾದರೂ ಬಂದು ಕುಳಿತುಕೊಳ್ಳುವಂತೆ ಒಂದು ಮೇಜು, ಒಂದು ಭೂತಗನ್ನಡಿ, ಒಂದು ಮೀಟರು, ಕಿಟಕಿಯುಳ್ಳ ಒಂದು ಹಳೆಯ ಇಪ್ರಾಮ್, ನಾಲ್ಕಾರು ೫೫೫ಗಳು ಇರಲಿ. ಇದಕ್ಕೆ ಸರ್ಕಾರದ ಅನುದಾನವೇನೂ ಬೇಡ. ಒಂದು ಕೂಟದ ಕಾಫಿ ತಿಂಡಿಯ ಖರ್ಚು ಸಾಕು. ಒಂದು ಎಚ್ಚರಿಕೆಯನ್ನು ಮಾತ್ರ ಹೇಳಬೇಕು. ಉತ್ಸಾಹದಿಂದ ಐ.ಸಿ.ಯ ಪ್ಲಾಸ್ಟಿಕ್ಕನ್ನು ಆಮ್ಲದಲ್ಲಿ ಕರಗಿಸಲು ಯಾರೂ ಹೋಗಬಾರದು. ಆ ಹೊಗೆ ಬಹಳ ಅಪಾಯದ್ದು. ಪ್ರಸಾರ ಯಂತ್ರಗಳ ಕೆಲವು ದೊಡ್ಡ ಟ್ರಾನ್ಸಿಸ್ಟರುಗಳಲ್ಲಿ ಬೆರಿಲಿಯಂ ಆಕ್ಸೈಡ್ ಇರುತ್ತದೆ. ಅದರ ಪುಡಿ ಉಸಿರಿಗೆ ಸೇರಿ ಶ್ವಾಸಕೋಶವನ್ನು ಕೆಡಿಸುತ್ತದೆ, ಅವುಗಳನ್ನೂ ಒಡೆಯಬಾರದು. ನೋಡುವುದಕ್ಕೆ ಕಿಟಕಿ ಇದೆ, ಅಳೆಯುವುದಕ್ಕೆ ಐದನೆಯ ಕಾಲಿದೆ. ಹೊಸಬರಿಗೆ ಅಷ್ಟು ಸಾಕು.

ಆ ಮೇಜಿನ ಬಳಿ ಕುಳಿತು ತೋರಿಸಿಕೊಡುವವರು ಯಾರೆಂದು ಅಧ್ಯಾಪಕರು ಕೇಳಬಹುದು. ನನ್ನ ತಿಳುವಳಿಕೆ ಅಲ್ಪ. ಮೇಲೆ ಬರೆದುದರಲ್ಲಿ ತಪ್ಪುಗಳಿದ್ದರೆ ಬಲ್ಲವರು ತಿದ್ದಬೇಕು. ಆದರೆ ತಾತ ಬರುವುದಾಗಿ ಒಪ್ಪಿದ್ದಾರೆ. ಅಟ್ಟದಿಂದ ಇಳಿದ ಅವರ ಮೀಟರು ಮತ್ತೆ ಅಟ್ಟಕ್ಕೆ ಹೋಗಿಲ್ಲ.